ನಾಯಕರು ಪಿತೂರಿಯ ಆರೋಪ ಮಾಡಿದಾಗ ಅದನ್ನು ಪರೀಕ್ಷಿಸುವ ಕ್ರಮ: ಒಂದು ಸಮಗ್ರ ಮಾರ್ಗದರ್ಶಿ

1975ರ ಜೂನ್ 26ರಂದು ಆಕಾಶವಾಣಿಯಲ್ಲಿ ಮಾತನಾಡಿದ ಪ್ರಧಾನಿ ಇಂದಿರಾ ಗಾಂಧಿಯವರು, ಜನಸಾಮಾನ್ಯರಿಗೆ ಅನುಕೂಲವಾಗುವ ಕೆಲವು ಪ್ರಗತಿಪರ ಕ್ರಮಗಳನ್ನು ತಾವು ಕೈಗೊಂಡಂದಿನಿಂದಲೂ ಆಳವಾದ, ವ್ಯಾಪಕವಾದ ಪಿತೂರಿಯೊಂದು ಬೆಳೆಯುತ್ತ ಬಂದಿದೆ ಎಂದು ದೇಶಕ್ಕೆ ತಿಳಿಸಿದರು. ಸೇನೆಯನ್ನೂ ಪೊಲೀಸರನ್ನೂ ದಂಗೆಯೇಳುವಂತೆ ಕೆಲವರು ಪ್ರಚೋದಿಸುತ್ತಿದ್ದಾರೆ ಎಂದೂ ಹೇಳಿದರು. ಆ ಕೆಲವರು ಯಾರೆಂದು ಹೆಸರಿಸಲಿಲ್ಲ. ಅಷ್ಟರಲ್ಲಾಗಲೇ ತುರ್ತು ಪರಿಸ್ಥಿತಿ ಜಾರಿಗೆ ಬಂದಿತ್ತು, ದೆಹಲಿಯಲ್ಲಿ ಜಯಪ್ರಕಾಶ ನಾರಾಯಣರ ಬಂಧನವಾಗಿತ್ತು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ ಮತ್ತು ಅಡ್ವಾಣಿಯವರನ್ನು ಅದೇ ದಿನ ಇಲ್ಲಿಯೇ ಬಂಧಿಸಲಾಯಿತು.

ರಾಜಕೀಯದಲ್ಲಿ ಒಳಸಂಚುಗಳೇ ನಡೆಯುವುದಿಲ್ಲ ಎನ್ನುವವರು ಇತಿಹಾಸ ಓದಿಲ್ಲ. ಆದ್ದರಿಂದ ಯಾವುದೇ ನಾಯಕರು ಪಿತೂರಿಯ ಮಾತೆತ್ತಿದ ಕೂಡಲೇ ನಕ್ಕು ತಳ್ಳಿಹಾಕುವುದು ಸರಿಯಾದ ಕ್ರಮವಲ್ಲ, ನಮ್ಮ ಪಕ್ಷದವರು ಹೇಳಿದರೆಂಬ ಕಾರಣಕ್ಕೆ ತಲೆಯಾಡಿಸುವುದೂ ಅಲ್ಲ. ಆದರೆ ಚಹಾ ಅಂಗಡಿಯಲ್ಲಿ ಕುಳಿತವರು ಮಾಡುವ ಆರೋಪಕ್ಕೂ ಅಧಿಕಾರದಲ್ಲಿರುವವರು ಮಾಡುವ ಆರೋಪಕ್ಕೂ ಒಂದು ದೊಡ್ಡ ಅಂತರವಿದೆ. ಮೊದಲನೆಯವರ ಬಳಿ ಅನುಮಾನವಲ್ಲದೆ ಬೇರೇನೂ ಇರುವುದಿಲ್ಲ. ಎರಡನೆಯವರ ಕೈಯಲ್ಲಿ ಪೊಲೀಸರು, ಗುಪ್ತಚರ ಇಲಾಖೆ, ವಿಚಾರಣಾ ಆಯೋಗ ನೇಮಿಸುವ ಅಧಿಕಾರ, ಎಲ್ಲವೂ ಇರುತ್ತವೆ. ತನಿಖೆ ಮಾಡಿಸಬಲ್ಲವರು ತನಿಖೆ ಮಾಡಿಸದೆ ಬರಿಯ ಆರೋಪದಲ್ಲೇ ನಿಂತರೆ, ಆ ನಿಲುವೇ ಪರಿಶೀಲನೆಗೆ ಅರ್ಹವಾದ ಸಂಗತಿ.

ಈ ಮಾರ್ಗದರ್ಶಿಯಲ್ಲಿ ಹೇಳಿರುವ ಹಂತಗಳು ಸುದ್ದಿ ಓದುವವರಿಗೆ, ವರದಿಗಾರರಿಗೆ, ತರಗತಿಯಲ್ಲಿ ಚರ್ಚೆ ನಡೆಸುವ ಅಧ್ಯಾಪಕರಿಗೆ, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉತ್ತರ ಕೊಡಬೇಕಾಗಿ ಬಂದವರಿಗೆ ಸಮನಾಗಿ ಉಪಯೋಗಕ್ಕೆ ಬರುತ್ತವೆ. ಇವುಗಳಲ್ಲಿ ಐದನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ನಂಬಬಹುದಾದ ಪರೀಕ್ಷೆ; ವೇದಿಕೆಯ ಮೇಲೆ ಹೇಳಿದ್ದನ್ನೂ ಪ್ರಮಾಣ ಮಾಡಿ ಹೇಳಬೇಕಾದ ಜಾಗದಲ್ಲಿ ಹೇಳಿದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು. ಸಮಯವಿಲ್ಲದವರು ಅದೊಂದನ್ನು ಮಾಡಿದರೂ ಸಾಕು.

ಮೊದಲ ಹಂತ: ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳಿ

ಪತ್ರಿಕೆಯ ತಲೆಬರಹ, ಯಾರೋ ಕತ್ತರಿಸಿ ಹಂಚಿದ ವಿಡಿಯೋ ತುಣುಕು, ಎದುರಾಳಿಗಳು ಮಾಡಿದ ವ್ಯಂಗ್ಯ, ಇವುಗಳಲ್ಲಿ ಯಾವುದನ್ನೂ ಮೂಲ ಆರೋಪವೆಂದು ಹಿಡಿಯಬಾರದು. ಪೂರ್ಣ ಭಾಷಣ ಹುಡುಕಿ, ಆರೋಪ ಬರುವ ಭಾಗದ ಹಿಂದಿನ ಮತ್ತು ಮುಂದಿನ ಕೆಲವು ನಿಮಿಷಗಳನ್ನೂ ಕೇಳಿ. ಸಂಸತ್ತಿನಲ್ಲಿ ಆಡಿದ ಮಾತಾದರೆ ಕಲಾಪದ ಮುದ್ರಿತ ವರದಿ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. ವಿಧಾನಮಂಡಲದ ನಡವಳಿಗಳೂ ಪ್ರಕಟವಾಗುತ್ತವೆ. ಆನಂತರ ಒಂದು ಹಾಳೆಯಲ್ಲಿ ಯಾರು ಮಾಡಿದರು, ಏನು ಮಾಡಿದರು, ಯಾವಾಗ ಮಾಡಿದರು, ಯಾವ ಉದ್ದೇಶಕ್ಕೆ ಮಾಡಿದರು, ಇದು ನಾಯಕರಿಗೆ ಗೊತ್ತಾದದ್ದು ಹೇಗೆ ಎಂಬ ಐದು ಪ್ರಶ್ನೆಗಳ ಎದುರು ಅವರದೇ ಮಾತುಗಳನ್ನು ಬರೆಯಿರಿ. "ಕಾಣದ ಕೈಗಳು", "ಪಟ್ಟಭದ್ರ ಹಿತಾಸಕ್ತಿಗಳು" ಎಂದಷ್ಟೇ ಹೇಳಿದ್ದರೆ ಮೊದಲ ಪ್ರಶ್ನೆಯ ಎದುರಿನ ಜಾಗವನ್ನು ಖಾಲಿ ಬಿಡಿ. ನಾವು ಊಹಿಸಿ ಹೆಸರು ತುಂಬಬಾರದು. ಕೇಳುಗರು ತಮಗೆ ಬೇಕಾದ ಹೆಸರನ್ನು ತಾವೇ ತುಂಬಿಕೊಳ್ಳಲಿ ಎಂಬುದಕ್ಕಾಗಿಯೇ ಎಷ್ಟೋ ಸಲ ಆ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ.

ಸಂಖ್ಯೆಗಳು ಬಂದಲ್ಲಿ ವಿಶೇಷ ಎಚ್ಚರ ಬೇಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ಜೋಸೆಫ್ ಮೆಕಾರ್ಥಿ 1950ರ ಫೆಬ್ರುವರಿ 9ರಂದು ವೆಸ್ಟ್ ವರ್ಜೀನಿಯಾದ ವೀಲಿಂಗ್‌ನಲ್ಲಿ ರಿಪಬ್ಲಿಕನ್ ಮಹಿಳೆಯರ ಸಭೆಯೊಂದನ್ನು ಉದ್ದೇಶಿಸಿ ಮಾತನಾಡುತ್ತ, ವಿದೇಶಾಂಗ ಇಲಾಖೆಯಲ್ಲಿರುವ ಕಮ್ಯುನಿಸ್ಟರ ಪಟ್ಟಿ ತಮ್ಮ ಕೈಯಲ್ಲಿದೆ ಎಂದರು. ಸ್ಥಳೀಯ ಪತ್ರಿಕೆ ವರದಿ ಮಾಡಿದ ಸಂಖ್ಯೆ 205. ಸಾಲ್ಟ್ ಲೇಕ್ ಸಿಟಿಗೆ ಹೋಗುವ ಹೊತ್ತಿಗೆ ಅದು 57 ಆಗಿತ್ತು. ಫೆಬ್ರುವರಿ 20ರಂದು ಸೆನೆಟ್‌ನಲ್ಲಿ ನಿಂತಾಗ 81 ಪ್ರಕರಣಗಳ ಮಾತು ಬಂತು. ಹನ್ನೊಂದು ದಿನಗಳಲ್ಲಿ ಮೂರು ಸಂಖ್ಯೆ.

ಮೊದಲ ಸಂಖ್ಯೆ ಹುಟ್ಟಿದ ರೀತಿ ಇನ್ನೂ ಸ್ವಾರಸ್ಯಕರ. 1946ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಬರ್ನ್ಸ್ ಸಂಸದರೊಬ್ಬರಿಗೆ ಬರೆದ ಪತ್ರದಲ್ಲಿ, ನೌಕರರ ಪರಿಶೀಲನೆ ನಡೆಸಿದಾಗ 284 ಮಂದಿಯನ್ನು ಕಾಯಂ ಮಾಡಬಾರದೆಂಬ ಶಿಫಾರಸು ಬಂದಿತೆಂದೂ ಅವರಲ್ಲಿ 79 ಮಂದಿಯನ್ನು ತೆಗೆದುಹಾಕಲಾಗಿದೆಯೆಂದೂ ತಿಳಿಸಿದ್ದರು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು 205. ಅದು ನಾಲ್ಕು ವರ್ಷ ಹಳೆಯ ಲೆಕ್ಕ. ಅದರಲ್ಲಿ ಹೆಸರುಗಳಿರಲಿಲ್ಲ, ಅವರೆಲ್ಲರೂ ಕಮ್ಯುನಿಸ್ಟರೆಂದು ಆ ಪತ್ರ ಹೇಳಿರಲೂ ಇಲ್ಲ. ಒಂದು ಕಳೆಯುವ ಲೆಕ್ಕದ ಉತ್ತರ ದೇಶದ್ರೋಹಿಗಳ ಪಟ್ಟಿಯಾಗಿ ವೇದಿಕೆಯೇರಿತ್ತು. ಸೆನೆಟರ್ ಟೈಡಿಂಗ್ಸ್ ನೇತೃತ್ವದ ಸಮಿತಿಯ ಬಹುಮತದ ವರದಿ ಅದೇ ವರ್ಷದ ಜುಲೈನಲ್ಲಿ ಈ ಆರೋಪಗಳನ್ನು ವಂಚನೆಯೆಂದೇ ಕರೆಯಿತು. ಆದರೂ ಸೆನೆಟ್ 67–22 ಮತಗಳಿಂದ ಮೆಕಾರ್ಥಿಯವರಿಗೆ ಛೀಮಾರಿ ಹಾಕಲು 1954ರ ಡಿಸೆಂಬರ್ ಬರಬೇಕಾಯಿತು. ಆ ನಡುವಿನ ವರ್ಷಗಳಲ್ಲಿ ಕೆಲಸ ಕಳೆದುಕೊಂಡವರಿಗೆ ಆ ಛೀಮಾರಿಯಿಂದ ಪ್ರಯೋಜನವಾಗಲಿಲ್ಲ.

ದಾಖಲೆ ಇದೆಯೆಂದು ಜೇಬು ತಟ್ಟಿಕೊಳ್ಳುವುದು, ಪೆನ್‌ಡ್ರೈವ್ ಎತ್ತಿ ತೋರಿಸಿ ಸೂಕ್ತ ಸಮಯದಲ್ಲಿ ಬಿಡುಗಡೆ ಮಾಡುತ್ತೇನೆ ಎನ್ನುವುದು ಕರ್ನಾಟಕದ ಓದುಗರಿಗೂ ಹೊಸ ದೃಶ್ಯವಲ್ಲ. ಅಂಥ ಸಂದರ್ಭದಲ್ಲಿ ಆ ದಿನಾಂಕವನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟು, ಸೂಕ್ತ ಸಮಯ ಬಂತೇ ಎಂದು ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಎರಡನೆಯ ಹಂತ: ನಿಜವಿರುವ ಭಾಗವನ್ನು ಬೇರೆ ಮಾಡಿ

ಜನರು ನಂಬುವ ಪಿತೂರಿಯ ಆರೋಪಗಳಲ್ಲಿ ಬಹುಪಾಲಿಗೆ ಒಂದು ಗಟ್ಟಿಯಾದ ಬುಡವಿರುತ್ತದೆ. ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋದರೆ ನಮ್ಮ ಪರಿಶೀಲನೆಯನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಇಂದಿರಾ ಗಾಂಧಿಯವರ ಕಾಲದ "ವಿದೇಶಿ ಕೈವಾಡ"ದ ಮಾತನ್ನೇ ನೋಡೋಣ. 1971ರ ಯುದ್ಧದ ಸಮಯದಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಸರ್ಕಾರ ಎಂಟರ್‌ಪ್ರೈಸ್ ಎಂಬ ವಿಮಾನವಾಹಕ ನೌಕೆಯನ್ನು ಬಂಗಾಳ ಕೊಲ್ಲಿಯತ್ತ ಕಳುಹಿಸಿತ್ತು. ಚಿಲಿಯಲ್ಲಿ ಚುನಾಯಿತ ಅಧ್ಯಕ್ಷ ಸಾಲ್ವಡಾರ್ ಅಯೆಂದೆಯವರ ಸರ್ಕಾರವನ್ನು ಸೇನೆ 1973ರ ಸೆಪ್ಟೆಂಬರ್ 11ರಂದು ಉರುಳಿಸಿತು. ಅದಕ್ಕೆ ಮೊದಲು ಹಲವು ವರ್ಷ ಅಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ರಹಸ್ಯ ಕಾರ್ಯಾಚರಣೆ ನಡೆಸಿದ್ದನ್ನು ಅಮೆರಿಕದ್ದೇ ಸೆನೆಟ್ ಸಮಿತಿಯೊಂದು, ಫ್ರಾಂಕ್ ಚರ್ಚ್ ಅವರ ನೇತೃತ್ವದಲ್ಲಿ, 1975ರಲ್ಲಿ ದಾಖಲೆ ಸಮೇತ ಬಯಲು ಮಾಡಿತು. ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1978ರಲ್ಲಿ ಬರೆಯುತ್ತ, ಭಾರತದ ರಾಜಕೀಯದಲ್ಲಿ ಸಿಐಎ ಹಣ ಎರಡು ಸಲ ಚೆಲ್ಲಿದೆ, ಎರಡು ಸಲವೂ ಅದು ಕಮ್ಯುನಿಸ್ಟರನ್ನು ತಡೆಯಲು ಕಾಂಗ್ರೆಸ್ಸಿಗೇ ಹೋಗಿದೆ ಎಂದರು. ಇಂದಿರಾ ಗಾಂಧಿಯವರು ಅದನ್ನು ನಿರಾಕರಿಸಿದರು. ಒಟ್ಟಿನಲ್ಲಿ ವಿದೇಶಿ ಗುಪ್ತಚರರು ಇತರ ದೇಶಗಳ ರಾಜಕೀಯದಲ್ಲಿ ಕೈಹಾಕುತ್ತಿದ್ದರು ಎಂಬುದು ಕಲ್ಪನೆಯಲ್ಲ. ಆದರೆ ಬಿಹಾರ ಮತ್ತು ಗುಜರಾತಿನಲ್ಲಿ ಬೆಲೆಯೇರಿಕೆ, ಭ್ರಷ್ಟಾಚಾರಗಳ ವಿರುದ್ಧ ಬೀದಿಗಿಳಿದ ವಿದ್ಯಾರ್ಥಿಗಳೂ ಅದೇ ಕೈಯ ಬೊಂಬೆಗಳು ಎಂಬ ತೀರ್ಮಾನಕ್ಕೆ ಈ ಸತ್ಯಗಳಲ್ಲಿ ಯಾವುದೂ ಆಧಾರ ಕೊಡುವುದಿಲ್ಲ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ರುಜುವಾತಾದದ್ದನ್ನೂ ಬಲಕ್ಕೆ ಅಲ್ಲಿಂದ ಹಾರಿ ತಲುಪಿದ ತೀರ್ಮಾನವನ್ನೂ ಬರೆದರೆ, ಮುಂದೆ ಪರಿಶೀಲಿಸಬೇಕಾದದ್ದು ಬಲಗಡೆಯದು ಮಾತ್ರ.

ದಕ್ಷಿಣ ಆಫ್ರಿಕಾದ ಅಧ್ಯಕ್ಷರಾಗಿದ್ದ ಥಾಬೊ ಎಂಬೆಕಿಯವರ ಪ್ರಕರಣ ಇನ್ನೂ ಕಠಿಣವಾದದ್ದು. ಎಚ್‌ಐವಿಯಿಂದಲೇ ಏಡ್ಸ್ ಬರುತ್ತದೆ ಎಂಬುದನ್ನು ಅವರು ಬಹಿರಂಗವಾಗಿ ಪ್ರಶ್ನಿಸಿದರು, ಅದನ್ನು ಅಲ್ಲಗಳೆಯುವವರನ್ನೂ ಸೇರಿಸಿಕೊಂಡು 2000ದಲ್ಲಿ ಸಲಹಾ ಮಂಡಳಿ ರಚಿಸಿದರು. ಔಷಧ ಕಂಪನಿಗಳು ಲಾಭಕ್ಕಾಗಿ ಕರಿಯರ ಮೇಲೆ ವಿಷ ಸುರಿಯುತ್ತಿವೆ ಎಂಬ ಅನುಮಾನಕ್ಕೆ ಅಲ್ಲಿ ನೆಲೆಯಿಲ್ಲದೆ ಇರಲಿಲ್ಲ. ವರ್ಣಭೇದ ಸರ್ಕಾರ ವೌಟರ್ ಬಾಸನ್ ನೇತೃತ್ವದಲ್ಲಿ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳ ಗುಪ್ತ ಯೋಜನೆ ನಡೆಸಿದ್ದು 1998ರಲ್ಲಿ ಸತ್ಯ ಮತ್ತು ಸಮನ್ವಯ ಆಯೋಗದ ಮುಂದೆ ಹೊರಬಂದಿತ್ತು. ಅಗ್ಗದ ಔಷಧಕ್ಕೆ ದಾರಿ ಮಾಡುವ ಕಾನೂನಿನ ವಿರುದ್ಧ 39 ಔಷಧ ಕಂಪನಿಗಳು ಹೂಡಿದ್ದ ದಾವೆ 2001ರ ಏಪ್ರಿಲ್‌ವರೆಗೂ ನಡೆದಿತ್ತು. ಇಷ್ಟೆಲ್ಲ ಅನುಭವಿಸಿದ ಜನರಿಗೆ ಅನುಮಾನ ಬೇಡವೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಕಂಪನಿಗಳು ಲೋಭಿಗಳೆಂಬುದು ರುಜುವಾದರೆ ವೈರಾಣು ರೋಗ ತರುವುದಿಲ್ಲವೆಂಬುದು ರುಜುವಾದಂತಾಗುವುದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದಲೇ ಇಂಥ ಮಾತಿಗೆ ಬಲ ಬರುತ್ತದೆ.

ಮೂರನೆಯ ಹಂತ: ಮಾತು ಮೊದಲು ಎಲ್ಲಿ ಹುಟ್ಟಿತೆಂದು ಹುಡುಕಿ

ನಾಯಕರು ಆರೋಪವನ್ನು ತಾವೇ ಕಟ್ಟುವುದು ಅಪರೂಪ. ಎಲ್ಲಿಯೋ ಇದ್ದದ್ದನ್ನು ಎತ್ತಿಕೊಂಡು ತಮ್ಮ ಸ್ಥಾನದ ತೂಕ ಸೇರಿಸುತ್ತಾರೆ. ಆದ್ದರಿಂದ "ಒಂದು ವರದಿಯ ಪ್ರಕಾರ" ಎಂದಾಗ ಆ ವರದಿಯನ್ನು, ಆ ವರದಿ ಉಲ್ಲೇಖಿಸಿದ ಇನ್ನೊಂದನ್ನು, ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗಬೇಕು. ಬೇರೆ ಬೇರೆ ಮೂಲಗಳೆಂದು ಕಾಣುವ ಐದಾರು ವರದಿಗಳು ಕೊನೆಗೆ ಒಂದೇ ಕಾಗದಕ್ಕೆ ಬಂದು ಸೇರುವುದುಂಟು.

ಇದಕ್ಕೆ ನಮ್ಮ ದೇಶದಲ್ಲೇ ಒಂದು ಉದಾಹರಣೆಯಿದೆ. 1983ರ ಜುಲೈನಲ್ಲಿ ದೆಹಲಿಯ ಪೇಟ್ರಿಯಟ್ ಎಂಬ ಇಂಗ್ಲಿಷ್ ದಿನಪತ್ರಿಕೆ, ಹೆಸರು ಹೇಳದ ಅಮೆರಿಕದ ವಿಜ್ಞಾನಿಯೊಬ್ಬರದೆನ್ನಲಾದ ಪತ್ರವನ್ನು ಪ್ರಕಟಿಸಿತು. ಏಡ್ಸ್ ರೋಗವನ್ನು ಅಮೆರಿಕದ ಸೇನೆ ಪ್ರಯೋಗಾಲಯದಲ್ಲಿ ಸೃಷ್ಟಿಸಿದೆ ಎಂಬುದು ಅದರ ಸಾರ. ಎರಡು ವರ್ಷಗಳ ಬಳಿಕ ಸೋವಿಯತ್ ವಾರಪತ್ರಿಕೆಯೊಂದು ಅದೇ ಆರೋಪವನ್ನು ಭಾರತದ ಪತ್ರಿಕೆಯ ಆಧಾರ ಕೊಟ್ಟು ಪ್ರಕಟಿಸಿತು. ಅಲ್ಲಿಂದ ಅದು ಹತ್ತಾರು ದೇಶಗಳಿಗೆ ಹಬ್ಬಿತು. ಓದುಗರಿಗೆ ಅದು ಸೋವಿಯತ್ ಮಾತಾಗಿ ಕಾಣದೆ ತಟಸ್ಥ ದೇಶವೊಂದರ ಪತ್ರಿಕೆಯ ವರದಿಯಾಗಿ ಕಂಡಿತು. ಇದರ ಹಿಂದೆ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಇದ್ದದ್ದನ್ನು ರಷ್ಯಾದ ವಿದೇಶಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥರಾಗಿದ್ದ ಯೆವ್ಗೆನಿ ಪ್ರಿಮಕೋವ್ 1992ರಲ್ಲಿ ಒಪ್ಪಿಕೊಂಡರು. ಪಿತೂರಿಯ ಆರೋಪವೇ ಒಂದು ಪಿತೂರಿಯಾಗಿದ್ದ ಪ್ರಸಂಗವಿದು.

ನಾಲ್ಕನೆಯ ಹಂತ: ಏನು ತೋರಿಸಿದರೆ ಆರೋಪ ಬಿಡುತ್ತಾರೆ?

ಈ ಪ್ರಶ್ನೆಯನ್ನು ಆರೋಪದ ಆರಂಭದಲ್ಲೇ ಕೇಳಿ, ಉತ್ತರವನ್ನು ಬರೆದಿಡಬೇಕು. ಬರಾಕ್ ಒಬಾಮ ಅಮೆರಿಕದಲ್ಲಿ ಹುಟ್ಟಿಲ್ಲವೆಂಬ ಪ್ರಚಾರ ನಡೆದಾಗ 2008ರಲ್ಲೇ ಹವಾಯಿ ರಾಜ್ಯದ ಜನನ ಪ್ರಮಾಣಪತ್ರ ಹೊರಬಂತು. ಅದು ಸಂಕ್ಷಿಪ್ತ ನಮೂನೆಯದು, ಪೂರ್ಣ ನಮೂನೆ ಬೇಕು ಎಂದರು. 2011ರಲ್ಲಿ ಡೊನಾಲ್ಡ್ ಟ್ರಂಪ್ ಈ ಬೇಡಿಕೆಯನ್ನು ಟಿವಿ ವಾಹಿನಿಗಳಲ್ಲಿ ಮುನ್ನಡೆಸಿದರು. ಆ ವರ್ಷದ ಏಪ್ರಿಲ್ 27ರಂದು ಶ್ವೇತಭವನ ಪೂರ್ಣ ನಮೂನೆಯನ್ನೂ ಬಿಡುಗಡೆ ಮಾಡಿತು. ಆಮೇಲೆ ಅದೇ ನಕಲಿ ಎಂಬ ಮಾತು ಬಂತು. ಒಬಾಮ ಅಮೆರಿಕದಲ್ಲೇ ಹುಟ್ಟಿದವರು ಎಂದು ಟ್ರಂಪ್ ಹೇಳಿದ್ದು 2016ರ ಸೆಪ್ಟೆಂಬರ್‌ನಲ್ಲಿ, ತಾವೇ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುತ್ತಿದ್ದಾಗ. ಕೇಳಿದ ದಾಖಲೆ ಕೊಟ್ಟಂತೆಲ್ಲ ಬೇಡಿಕೆ ಮುಂದಕ್ಕೆ ಸರಿದರೆ ಅದು ದಾಖಲೆಗಾಗಿ ಮಾಡಿದ ಬೇಡಿಕೆಯಲ್ಲ ಎಂದು ಬರೆದುಕೊಂಡು ಮುಂದಿನ ಹಂತಕ್ಕೆ ಹೋಗಬಹುದು.

ಐದನೆಯ ಹಂತ: ಪ್ರಮಾಣ ಮಾಡಿ ಹೇಳಬೇಕಾದಲ್ಲಿ ಏನು ಹೇಳಿದರು?

ನಾಯಕರು ಮಾತನಾಡುವ ಜಾಗಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ವೇದಿಕೆ ಮತ್ತು ಪತ್ರಿಕಾಗೋಷ್ಠಿಯಲ್ಲಿ ಸುಳ್ಳು ಹೇಳಿದರೆ ಮಾನನಷ್ಟ ಮೊಕದ್ದಮೆಯ ಭಯವಿದೆ, ಆದರೆ ಹೆಸರು ಹೇಳದಿದ್ದರೆ ಅದೂ ಇಲ್ಲ. ಸದನದೊಳಗೆ ಆಡಿದ ಮಾತಿಗೆ ಸಂವಿಧಾನದ 105 ಮತ್ತು 194ನೇ ವಿಧಿಗಳ ರಕ್ಷಣೆಯಿದೆ. ಅದಕ್ಕಾಗಿ ಯಾರೂ ಕೋರ್ಟಿಗೆ ಎಳೆಯುವಂತಿಲ್ಲ. "ಧೈರ್ಯವಿದ್ದರೆ ಇದನ್ನು ಸದನದ ಹೊರಗೆ ಹೇಳಿ" ಎಂಬ ಸವಾಲು ನಮ್ಮ ವಿಧಾನಸಭೆಯಲ್ಲಿ ಪದೇ ಪದೇ ಕೇಳಿಬರುವುದು ಇದೇ ಕಾರಣಕ್ಕೆ. ಮೆಕಾರ್ಥಿಯವರಿಗೂ ಇಂಥದೇ ಸವಾಲು ಎದುರಾಗಿತ್ತು. ಮೂರನೆಯ ಜಾಗವೆಂದರೆ ನ್ಯಾಯಾಲಯ, ಅಫಿಡವಿಟ್, ಆಯೋಗದ ಮುಂದಿನ ಸಾಕ್ಷ್ಯ. ಅಲ್ಲಿ ಸುಳ್ಳಿಗೆ ಶಿಕ್ಷೆಯಿದೆ, ವಕೀಲರಿಗೆ ಸನ್ನದು ಹೋಗುವ ಅಪಾಯವಿದೆ. ಒಂದೇ ಆರೋಪ ಈ ಮೂರು ಜಾಗಗಳಲ್ಲಿ ಯಾವ ಯಾವ ರೂಪ ತಾಳಿತು ಎಂದು ನೋಡಬೇಕು.

2020ರ ಅಮೆರಿಕ ಚುನಾವಣೆಯ ನಂತರ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ನಡೆದ ಒಂದು ದಿನದ ವಿಚಾರಣೆ ಇದನ್ನು ತೋರಿಸುವಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸಲಾರದು. ಚುನಾವಣೆ ಕದ್ದುಹೋಗಿದೆ ಎಂದು ಟ್ರಂಪ್ ಮತ್ತು ಅವರ ವಕೀಲ ರೂಡಿ ಜೂಲಿಯಾನಿ ದಿನವೂ ಹೇಳುತ್ತಿದ್ದರು. ನವೆಂಬರ್ 17ರಂದು ಫೆಡರಲ್ ನ್ಯಾಯಾಧೀಶ ಮ್ಯಾಥ್ಯೂ ಬ್ರಾನ್ ಅವರ ಮುಂದೆ ಸ್ವತಃ ವಾದಕ್ಕೆ ನಿಂತ ಜೂಲಿಯಾನಿ, ದೇಶವ್ಯಾಪಿ ಮೋಸ ನಡೆದಿದೆ ಎಂದೇ ಮಾತು ಆರಂಭಿಸಿದರು. ಆದರೆ ಅವರ ಅರ್ಜಿಯಲ್ಲಿ ಮೋಸದ ಆರೋಪವೇ ಇರಲಿಲ್ಲ. ನ್ಯಾಯಾಧೀಶರು ಕೆದಕಿ ಕೇಳಿದಾಗ, ಇದು ಮೋಸದ ಪ್ರಕರಣವಲ್ಲ ಎಂದು ಅವರೇ ಒಪ್ಪಿಕೊಂಡರು. ನಾಲ್ಕು ದಿನಗಳಲ್ಲಿ ಅರ್ಜಿ ವಜಾ ಆಯಿತು. ಮೇಲ್ಮನವಿ ಕೇಳಿದ ಪೀಠದ ಪರವಾಗಿ ತೀರ್ಪು ಬರೆದವರು ಟ್ರಂಪ್ ಅವರೇ ನೇಮಿಸಿದ್ದ ನ್ಯಾಯಾಧೀಶ ಸ್ಟೆಫನೋಸ್ ಬಿಬಾಸ್; ಆರೋಪಕ್ಕೆ ನಿರ್ದಿಷ್ಟ ವಿವರ ಬೇಕು, ಆಮೇಲೆ ಪುರಾವೆ ಬೇಕು, ಇಲ್ಲಿ ಎರಡೂ ಇಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ದೇಶದಾದ್ಯಂತ ಅರವತ್ತಕ್ಕೂ ಹೆಚ್ಚು ದಾವೆಗಳು ಹೀಗೆಯೇ ಸೋತವು. ಮತಯಂತ್ರ ತಯಾರಿಸುತ್ತಿದ್ದ ಡೊಮಿನಿಯನ್ ಕಂಪನಿಯ ಮೇಲಿನ ಆರೋಪಗಳನ್ನು ಪ್ರಸಾರ ಮಾಡಿದ್ದಕ್ಕಾಗಿ ಆ ಕಂಪನಿಗೆ ಫಾಕ್ಸ್ ನ್ಯೂಸ್ ವಾಹಿನಿ 2023ರ ಏಪ್ರಿಲ್‌ನಲ್ಲಿ 78.75 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಜಾರ್ಜಿಯಾದ ಇಬ್ಬರು ಸಾಮಾನ್ಯ ಚುನಾವಣಾ ಸಿಬ್ಬಂದಿಯ ಮೇಲೆ ಹೊರಿಸಿದ ಸುಳ್ಳಿಗಾಗಿ ಜೂಲಿಯಾನಿ 14.8 ಕೋಟಿ ಡಾಲರ್ ಕೊಡಬೇಕೆಂದು ಅದೇ ವರ್ಷದ ಡಿಸೆಂಬರ್‌ನಲ್ಲಿ ಜ್ಯೂರಿ ತೀರ್ಮಾನಿಸಿತು.

ಅಧಿಕಾರದಲ್ಲಿದ್ದಾಗಲೂ ಪರೀಕ್ಷೆ ಒಮ್ಮೆ ನಡೆದಿತ್ತು. 2016ರಲ್ಲಿ ತಾವು ಗೆದ್ದ ಚುನಾವಣೆಯಲ್ಲೇ ಲಕ್ಷಾಂತರ ಅಕ್ರಮ ಮತಗಳು ಬಿದ್ದಿವೆ ಎಂದ ಟ್ರಂಪ್ 2017ರ ಮೇನಲ್ಲಿ ಅದಕ್ಕಾಗಿ ಆಯೋಗವನ್ನೇ ರಚಿಸಿದರು. ವ್ಯಾಪಕ ಮೋಸದ ಪುರಾವೆ ಯಾವುದನ್ನೂ ಮುಂದಿಡದೆ ಅದು 2018ರ ಜನವರಿಯಲ್ಲಿ ವಿಸರ್ಜನೆಗೊಂಡಿತು.

ಇನ್ನು ನಮ್ಮ ಇವಿಎಂ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಈ ಯಂತ್ರದ ಬಗ್ಗೆ ಅನುಮಾನ ಒಂದೇ ಪಕ್ಷದ ಸೊತ್ತಾಗಿ ಉಳಿದಿಲ್ಲ. 2009ರ ಸೋಲಿನ ನಂತರ ಬಿಜೆಪಿಯ ಹಿರಿಯರು ಮತಪತ್ರಕ್ಕೆ ಮರಳಬೇಕೆಂದರು. 2017ರ ಉತ್ತರ ಪ್ರದೇಶ ಫಲಿತಾಂಶದ ನಂತರ ಬಿಎಸ್‌ಪಿ ಮತ್ತು ಆಮ್ ಆದ್ಮಿ ಪಕ್ಷಗಳು ಅದೇ ಮಾತನ್ನಾಡಿದವು. ಆ ವರ್ಷದ ಜೂನ್ 3ರಂದು ಚುನಾವಣಾ ಆಯೋಗ ಯಂತ್ರಗಳನ್ನು ಮುಂದಿಟ್ಟು ತಿರುಚಿ ತೋರಿಸಿ ಎಂದು ಕರೆದಾಗ ಹೋದದ್ದು ಎನ್‌ಸಿಪಿ ಮತ್ತು ಸಿಪಿಐ(ಎಂ) ಮಾತ್ರ, ಅವೂ ಪ್ರಯತ್ನಿಸಲಿಲ್ಲ. ಆಯೋಗ ವಿಧಿಸಿದ ಷರತ್ತುಗಳು ಕಟ್ಟುನಿಟ್ಟಾಗಿದ್ದವು ಎಂಬ ದೂರನ್ನೂ ಇಲ್ಲಿ ಹೇಳಬೇಕು.

ಆದರೆ ಇದೇ ಅನುಮಾನ ನ್ಯಾಯಾಲಯಕ್ಕೆ ಹೋದಾಗ ನಡೆದದ್ದೇ ಬೇರೆ. ಸುಬ್ರಮಣಿಯನ್ ಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 8ರಂದು, ಮತ ಯಾರಿಗೆ ಬಿತ್ತೆಂದು ಮುದ್ರಿತ ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ಅಳವಡಿಕೆಗೆ ಆದೇಶಿಸಿತು. ವಿರೋಧ ಪಕ್ಷಗಳ 21 ನಾಯಕರ ಅರ್ಜಿಯ ನಂತರ 2019ರ ಏಪ್ರಿಲ್‌ನಲ್ಲಿ, ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎಣಿಸಿ ತಾಳೆ ನೋಡುವ ಯಂತ್ರಗಳು ಒಂದರಿಂದ ಐದಕ್ಕೆ ಏರಿದವು. 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಕೋರ್ಟು ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ತಳ್ಳಿತು. ಆದರೆ ಎರಡನೇ ಮತ್ತು ಮೂರನೇ ಸ್ಥಾನ ಪಡೆದ ಅಭ್ಯರ್ಥಿಗಳು ಫಲಿತಾಂಶದ ಏಳು ದಿನಗಳೊಳಗೆ ಕೇಳಿದರೆ, ಶೇ 5ರಷ್ಟು ಯಂತ್ರಗಳ ಮೈಕ್ರೊಕಂಟ್ರೋಲರ್ (ಯಂತ್ರವನ್ನು ನಡೆಸುವ ಚಿಪ್) ತಪಾಸಣೆಗೆ ಅವಕಾಶ ಕೊಟ್ಟಿತು. ಆದ್ದರಿಂದ ಇನ್ನು ಮುಂದೆ ಸೋತ ಅಭ್ಯರ್ಥಿಯೊಬ್ಬರು ಯಂತ್ರ ತಿರುಚಲಾಗಿದೆ ಎಂದಾಗ ಓದುಗರು ಕೇಳಬೇಕಾದ ಪ್ರಶ್ನೆ ಸರಳವಾಗಿದೆ: ಆ ಏಳು ದಿನಗಳಲ್ಲಿ ಅವರು ಅರ್ಜಿ ಹಾಕಿದರೇ?

ಆರನೆಯ ಹಂತ: ಆರೋಪದ ಬೆನ್ನಿಗೆ ಏನನ್ನು ಕೇಳುತ್ತಿದ್ದಾರೆಂದು ನೋಡಿ

ಕೆಲವರು ಮತ ಕೇಳುತ್ತಾರೆ, ಕೆಲವರು ದೇಣಿಗೆ ಕೇಳುತ್ತಾರೆ. ಹೆಚ್ಚಿನ ಅಪಾಯವಿರುವುದು ಅಧಿಕಾರ ಕೇಳಿದಾಗ. ಈ ಹಂತದಲ್ಲಿ ದಿನಾಂಕಗಳನ್ನು ಸಾಲಾಗಿ ಜೋಡಿಸುವುದೇ ಮುಖ್ಯ ಕೆಲಸ.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದರು. ಜೂನ್ 24ರಂದು ಸುಪ್ರೀಂ ಕೋರ್ಟಿನಿಂದ ಷರತ್ತುಬದ್ಧ ತಡೆಯಾಜ್ಞೆ ಮಾತ್ರ ಸಿಕ್ಕಿತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಗಳ ಸಹಿ ಬಿತ್ತು; ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಪಿತೂರಿ ಹಲವು ವರ್ಷಗಳಿಂದ ಬೆಳೆಯುತ್ತಿತ್ತು ಎಂಬ ಮಾತಿಗೂ ಹದಿಮೂರು ದಿನಗಳ ಈ ಸಾಲಿಗೂ ಇರುವ ವ್ಯತ್ಯಾಸ ಹಾಳೆಯ ಮೇಲೆ ತಾನಾಗಿಯೇ ಕಾಣುತ್ತದೆ. 1977ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ಕಡತಗಳನ್ನು ತರಿಸಿ ನೋಡಿದಾಗ, ದೇಶದ ಯಾವ ಭಾಗದಲ್ಲೂ ಕಾನೂನು ಸುವ್ಯವಸ್ಥೆ ಕುಸಿದಿತ್ತೆಂಬುದಕ್ಕಾಗಲಿ, ಕುಸಿಯುವ ಆತಂಕವಿತ್ತೆಂಬುದಕ್ಕಾಗಲಿ ಆಧಾರ ಸಿಗಲಿಲ್ಲ. ಆ ಆಯೋಗವನ್ನು ನೇಮಿಸಿದ್ದು ಎದುರಾಳಿಗಳ ಸರ್ಕಾರವೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ನೋಡಿದ ಕಡತಗಳು ಇಂದಿರಾ ಸರ್ಕಾರದವೇ ಆಗಿದ್ದವು.

ಇಲ್ಲೊಂದು ತೊಡಕಿದೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಸೇರಿದಂತೆ 25 ಮಂದಿಯ ಮೇಲೆ, ಸ್ಫೋಟ ನಡೆಸಲು ಡೈನಮೈಟ್ ಸಂಗ್ರಹಿಸಿದರೆಂಬ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಸಿಬಿಐ ಒಳಸಂಚಿನ ಆರೋಪ ಹೊರಿಸಿತು. ಸರ್ಕಾರ ಹೇಳಿದ ಪಿತೂರಿ ಸಿಕ್ಕೇ ಸಿಕ್ಕಿತಲ್ಲ ಎಂದು ಆಗ ವಾದಿಸಿದವರಿದ್ದರು. ಆದರೆ ಆ ಚಟುವಟಿಕೆ ನಡೆದದ್ದು ತುರ್ತು ಪರಿಸ್ಥಿತಿ ಜಾರಿಯಾದ ನಂತರ, ಅದಕ್ಕೆ ಪ್ರತಿರೋಧವಾಗಿ. ನಂತರ ನಡೆದದ್ದು ಮೊದಲಿನ ಘೋಷಣೆಗೆ ಕಾರಣವಾಗಲಾರದು. 1977ರಲ್ಲಿ ಜನತಾ ಸರ್ಕಾರ ಮೊಕದ್ದಮೆಯನ್ನು ಹಿಂತೆಗೆದುಕೊಂಡದ್ದರಿಂದ ಅದು ನ್ಯಾಯಾಲಯದಲ್ಲಿ ತೀರ್ಮಾನವಾಗಲೇ ಇಲ್ಲ. ಅದು ಹೊಸ ಆಡಳಿತದವರಿಗೂ ಶೋಭೆ ತರುವ ಕ್ರಮವಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಎಂಬೆಕಿಯವರ ಆರೋಪದ ಬೆಲೆಯನ್ನು ತೆತ್ತವರು ತಾಯಂದಿರು ಮತ್ತು ಮಕ್ಕಳು. ಹೆರಿಗೆಯ ಸಮಯದಲ್ಲಿ ತಾಯಿಗೂ ಹುಟ್ಟಿದ ಮಗುವಿಗೂ ಒಂದೊಂದು ಸಲ ನೆವಿರಾಪಿನ್ ಎಂಬ ಎಚ್‌ಐವಿ ಔಷಧ ಕೊಟ್ಟರೆ ಸೋಂಕು ದಾಟುವ ಸಾಧ್ಯತೆ ಬಹಳಷ್ಟು ತಗ್ಗುತ್ತಿತ್ತು. ತಯಾರಕ ಕಂಪನಿ ಐದು ವರ್ಷ ಉಚಿತವಾಗಿ ಕೊಡಲು ಮುಂದೆ ಬಂದಿತ್ತು. ಸರ್ಕಾರ ಅದನ್ನು ಪ್ರತಿ ಪ್ರಾಂತ್ಯದಲ್ಲಿ ಎರಡು ಪ್ರಾಯೋಗಿಕ ಕೇಂದ್ರಗಳಿಗೆ ಮಾತ್ರ ಸೀಮಿತಗೊಳಿಸಿತು. ಆ ನಿರ್ಬಂಧವನ್ನು ತೆಗೆಯಲು 2002ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯದ ಆದೇಶ ಬೇಕಾಯಿತು. ಔಷಧ ತಡವಾದದ್ದರಿಂದ 2000 ಮತ್ತು 2005ರ ನಡುವೆ 3,30,000ಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್‌ನ ಸಂಶೋಧಕರು 2008ರಲ್ಲಿ ಅಂದಾಜಿಸಿದರು.

ಏಳನೆಯ ಹಂತ: ರುಜುವಾತಾದ ಒಳಸಂಚಿನ ಪಕ್ಕದಲ್ಲಿಟ್ಟು ನೋಡಿ

ವಾಟರ್‌ಗೇಟ್ ಹಗರಣ ಇದಕ್ಕೆ ಅಳತೆಗೋಲಾಗಬಲ್ಲದು. 1972ರ ಜೂನ್ 17ರಂದು ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿ ಸಿಕ್ಕಿಬಿದ್ದ ಐವರಿಂದ ಆರಂಭವಾದ ಆ ಪ್ರಕರಣದಲ್ಲಿ ಭಾಗಿಗಳು ಕಡಿಮೆ, ಉದ್ದೇಶ ಸೀಮಿತ. ಆದರೂ ಗುಟ್ಟು ಎರಡು ವರ್ಷ ಉಳಿಯಲಿಲ್ಲ. ಹಣದ ಜಾಡು ಸಿಕ್ಕಿತು, ಒಳಗಿದ್ದವರೇ ಪ್ರಮಾಣ ಮಾಡಿ ಸಾಕ್ಷ್ಯ ನುಡಿದರು, ಧ್ವನಿಸುರುಳಿಗಳು ಹೊರಬಂದವು, 1974ರ ಆಗಸ್ಟ್ 9ರಂದು ನಿಕ್ಸನ್ ಸ್ಥಾನ ತೊರೆದರು. ನಿಮ್ಮ ಮುಂದಿರುವ ಆರೋಪಕ್ಕೆ ಎಷ್ಟು ಜನ ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ, ಎಷ್ಟು ವರ್ಷ, ಅವರಲ್ಲಿ ಎಷ್ಟು ಮಂದಿ ಪರಸ್ಪರ ವಿರೋಧಿಗಳು ಎಂದು ಲೆಕ್ಕ ಹಾಕಿ.

ಎಂಟನೆಯ ಹಂತ: ಫಲಿತಾಂಶವನ್ನು ಇತರರಿಗೆ ಹೇಳುವ ಬಗೆ

ಬರೆಯುವಾಗ ಖಚಿತವಾಗಿ ಗೊತ್ತಿರುವ ಸಂಗತಿಯನ್ನು ಮೊದಲ ವಾಕ್ಯದಲ್ಲಿಡಿ. ಆರೋಪವನ್ನು ಆಮೇಲೆ, ಒಮ್ಮೆ ಮಾತ್ರ ಹೇಳಿ. ಆರೋಪವನ್ನೇ ತಲೆಬರಹ ಮಾಡಿ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕುವ ಪದ್ಧತಿ ಆರೋಪಿಸಿದವರಿಗೆ ಉಚಿತ ಪ್ರಚಾರ. ತೀರ್ಪು ಬಂದಿಲ್ಲದಿದ್ದರೆ ಸುಳ್ಳು ಎಂದು ಬರೆಯದೆ "ಇದುವರೆಗೆ ಪುರಾವೆ ಕೊಟ್ಟಿಲ್ಲ" ಎಂದು ಬರೆಯಿರಿ. ಸರ್ಕಾರದ ಫ್ಯಾಕ್ಟ್‌ಚೆಕ್ ಘಟಕ ಹೇಳಿತೆಂಬುದಷ್ಟೇ ಸಾಕಾಗುವುದಿಲ್ಲ. ಸರ್ಕಾರ ತನ್ನ ಕುರಿತ ಸುದ್ದಿಗೆ ತಾನೇ ತೀರ್ಪುಗಾರನಾಗಲು ಅವಕಾಶ ಕೊಟ್ಟಿದ್ದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿದೆ. ಕಡತ ಬೇಕಾದರೆ 10 ರೂಪಾಯಿ ಶುಲ್ಕದೊಂದಿಗೆ ಆರ್‌ಟಿಐ ಅರ್ಜಿ ಹಾಕಬಹುದು, ಉತ್ತರಕ್ಕೆ 30 ದಿನಗಳ ಗಡುವಿದೆ. ಖಾಸಗಿ ವ್ಯಕ್ತಿಗಳ ಹೆಸರು, ಫೋಟೋ ಇರುವ ಆರೋಪವನ್ನು ಖಂಡಿಸುವುದಕ್ಕಾಗಿಯೂ ಮುಂದಕ್ಕೆ ಕಳುಹಿಸಬೇಡಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಮಾನಹಾನಿಯನ್ನು ಅಪರಾಧವಾಗಿ ಉಳಿಸಿಕೊಂಡಿದೆ.

ಮನೆಯ ಹಿರಿಯರ ಜೊತೆ ಮಾತನಾಡುವಾಗ ಗುಂಪಿನಲ್ಲಿ ಎಲ್ಲರೆದುರು ತಿದ್ದುವುದಕ್ಕಿಂತ ಅವರಿಗೊಬ್ಬರಿಗೇ ಫೋನ್ ಮಾಡುವುದು ಮೇಲು. "ದೊಡ್ಡಪ್ಪ, ನೀವು ಕಳಿಸಿದ್ದು ಸುಳ್ಳು" ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಇವರು ಇಷ್ಟು ದಿನ ಹೇಳ್ತಾನೇ ಇದಾರಲ್ಲ ದೊಡ್ಡಪ್ಪ, ಕೋರ್ಟಿಗೆ ಯಾಕೆ ಹೋಗಿಲ್ಲ?" ಎಂದು ಕೇಳಿದರೆ, ಅರ್ಧ ಶತಮಾನದ ರಾಜಕೀಯ ನೋಡಿದ ಅವರೇ ನಮಗಿಂತ ಚೆನ್ನಾಗಿ ಉತ್ತರ ಹುಡುಕುವ ಸಾಧ್ಯತೆ ಹೆಚ್ಚು. ಅವರ ಅನುಮಾನಕ್ಕೆ ಎರಡನೆಯ ಹಂತದಲ್ಲಿ ಹೇಳಿದಂಥ ನಿಜವಾದ ಬುಡವಿದ್ದರೆ ಅದನ್ನು ಮೊದಲೇ ಒಪ್ಪಿಕೊಳ್ಳಿ. ನಾಯಕರು ನ್ಯಾಯಾಲಯಕ್ಕೆ ಹೋಗಿದ್ದರೆ ಪ್ರಕರಣದ ಸಂಖ್ಯೆಯನ್ನು ಹಾಳೆಯಲ್ಲಿ ಬರೆದುಕೊಂಡು, ಇ-ಕೋರ್ಟ್ಸ್ ಜಾಲತಾಣದಲ್ಲಿ ಮುಂದಿನ ವಿಚಾರಣೆಯ ದಿನಾಂಕ ನೋಡಿ, ಆ ದಿನದ ಆದೇಶ ಬಂದ ಮೇಲೆ ನಿಮ್ಮ ಟಿಪ್ಪಣಿಯನ್ನು ಪರಿಷ್ಕರಿಸಿ ದೊಡ್ಡಪ್ಪನವರಿಗೂ ಒಂದು ಪ್ರತಿ ಕಳುಹಿಸಿ.